ಮೊಟ್ಟೆಯ ಹಳದಿ ಬಿಳಿಚಿಕೊಂಡಿದೆ, ಗಿರಾಕಿಗಳು ಫಾರಂ ಮೊಟ್ಟೆ ಅಂತಿದ್ದಾರೆ. ಅನುಭವ ಇದ್ದವರು ಹೇಳಿ

ತುಮಕೂರು ಕೋಳಿಮನೆ:
ಮನೆ ಹಿಂದೆ ಸ್ವರ್ಣಧಾರಾ ತಳಿಯ 40 ಕೋಳಿ ಸಾಕಿದ್ದೇನೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿಗೆ ಮೊಟ್ಟೆ ಕೊಡುತ್ತೇನೆ, ಒಂದಕ್ಕೆ 12 ರೂಪಾಯಿ. ಬೇಸಿಗೆ ಶುರುವಾದ ಮೇಲೆ ಹಳದಿ ತೀರಾ ತಿಳಿಯಾಗಿದೆ. ಹಾಕುವುದು ನುಚ್ಚಕ್ಕಿ, ರಾಗಿ, ಸ್ವಲ್ಪ ಲೇಯರ್ ಫೀಡ್ (ಮೊಟ್ಟೆ ಕೋಳಿಗೆ ಅಂತ ಮಾರುವ ಸಿದ್ಧ ಆಹಾರ). ಅವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಫೋಟೋ ಹಾಕಿ "ಇದು ನಾಟಿ ಮೊಟ್ಟೆನಾ?" ಅಂತ ಕೇಳಿದ್ದಾರೆ. ಕೋಳಿಗೆ ಕಾಯಿಲೆಯಾ? ಮೊಟ್ಟೆಯಲ್ಲಿ ಸತ್ವ ಕಮ್ಮಿಯಾಗಿದೆಯಾ?

ದಾವಣಗೆರೆ ಜೋಳದವ:
ನನ್ನ ಕಥೆ ಕೇಳಿ. ನನ್ನ ಹತ್ತಿರ ಗಿರಿರಾಜ ತಳಿಯ 300 ಕೋಳಿ ಇತ್ತು. ಮೊಟ್ಟೆಗೆ ಬಣ್ಣ ಕೊಡುವ ಮೆಕ್ಕೆಜೋಳ ಕೆ.ಜಿ.ಗೆ 25 ದಾಟಿದಾಗ ವ್ಯಾಪಾರಿಯೊಬ್ಬ 19ಕ್ಕೆ ನುಚ್ಚಕ್ಕಿ ತಂದು ಸುರಿದ. ಬಣ್ಣಕ್ಕೇನೂ ಆಗಲ್ಲ ಅಂತ ಆಣೆ ಬೇರೆ ಮಾಡಿದ. ಕೋಳಿಗೆ 120 ಗ್ರಾಂ ಅಂದರೂ ದಿನಕ್ಕೆ 36 ಕೆ.ಜಿ., ಅದರಲ್ಲಿ 20 ಕೆ.ಜಿ. ಧಾನ್ಯವೇ. ಅಂದರೆ ಉಳಿತಾಯ ದಿನಕ್ಕೆ 120 ರೂಪಾಯಿ. ಮೊದಲ ವಾರ ಏನೂ ಗೊತ್ತಾಗಲಿಲ್ಲ. ಹಳದಿ ಪದರ ಪದರವಾಗಿ ಸುಮಾರು ಹತ್ತು ದಿನ ಬೆಳೆಯುತ್ತದೆ ನೋಡಿ, ಹೊಟ್ಟೆಯಲ್ಲಿದ್ದದ್ದೆಲ್ಲ ಹಳೇ ಬಣ್ಣದ್ದೇ. ಆಮೇಲೆ ಒಮ್ಮೆಲೇ ಬಿಳಿಚಿಕೊಂಡಿತು. ದಿನಾ 100 ಮೊಟ್ಟೆ ಒಯ್ಯುತ್ತಿದ್ದ ಹೋಟೆಲಿನವರು ಆಮ್ಲೆಟ್ ಬೆಳ್ಳಗೆ ಬರುತ್ತದೆ ಎಂದು ಬಿಟ್ಟೇಬಿಟ್ಟರು. ತಿಂಗಳಿಗೆ 3,600 ಉಳಿತಾಯ, 27,000ದ ವ್ಯಾಪಾರ ಖತಂ.

ಸರಿ, ಮತ್ತೆ ಮೆಕ್ಕೆಜೋಳ ತರಿಸಿದೆ. ಅದೇ ಪುಣ್ಯಾತ್ಮ ಮಳೆಗಾಲದ ಹಸಿ ಜೋಳ ಕಳಿಸಿದ. ಚೀಲದ ನಡುವೆ ಬೂಸ್ಟು. ಬೂಸ್ಟಿನ ವಿಷ ಕೋಳಿಯ ಲಿವರ್‌ಗೆ ಹೊಡೆದರೆ ಜೋಳ ತಿಂದರೂ ಬಣ್ಣ ಹತ್ತುವುದಿಲ್ಲ, ಮೊಟ್ಟೆಯೂ ಇಳಿಯುತ್ತದೆ. ಲ್ಯಾಬ್ ಪರೀಕ್ಷೆಗೆ 1,800, ಔಷಧಿಗೆ 2,400, ಚೀಲ ಎಸೆಯಲು ಆಟೋಗೆ 350. ಈಗ ನೇರ ರೈತರಿಂದ ಕೊಂಡು ನಾನೇ ಕಣದಲ್ಲಿ ಒಣಗಿಸುತ್ತೇನೆ. ಕಚ್ಚಿದರೆ ಕಟ್ ಅನ್ನಬೇಕು. ಬಣ್ಣಕ್ಕೆ ಒಣ ಮೆಕ್ಕೆಜೋಳ ಹಾಕಿ, ಬೇರೆ ಏನೂ ಬೇಡ.

ಫೀಡ್ ಮಿಲ್ ಮಾಜಿ:
ಇಷ್ಟು ವರ್ಷ ಆಹಾರ ತಯಾರಿಸಿದವನು ಹೇಳುತ್ತಿದ್ದೇನೆ. ಬಣ್ಣ ಅಂದರೆ ಸುಮ್ನೆ ಬಣ್ಣ. ಮಿಲ್ಲಿನಲ್ಲಿ ಹಳದಿಯ ಬಣ್ಣ ಹೋಲಿಸಿ ನೋಡುವ ಬೀಸಣಿಗೆ ಇರುತ್ತದೆ, ತಿಳಿಯಿಂದ ಗಾಢಕ್ಕೆ 1ರಿಂದ 15ರವರೆಗೆ ಪಟ್ಟಿ. ಗಿರಾಕಿಗೆ 8 ಬೇಕೋ, 12 ಬೇಕೋ ಹೇಳಿದರೆ ಸಾಕು. ಹಳದಿಗೆ ಚೆಂಡು ಹೂವಿನ ಸತ್ವ, ಕೆಂಪಿಗೆ ಒಣಮೆಣಸಿನಕಾಯಿ ಸತ್ವ, ಅದೂ ಬೇಡವಾದರೆ ಕೃತಕ ಬಣ್ಣ. ಪಂಜರದಿಂದ ಒಂದು ಹೆಜ್ಜೆ ಹೊರಗಿಡದ ಕೋಳಿಯೂ ಕಡು ಕೇಸರಿ ಹಳದಿ ಕೊಡುತ್ತದೆ. ಪ್ರೋಟೀನ್ ಎರಡರಲ್ಲೂ ಅಷ್ಟೇ. ನಾಟಿ ಅಂತ ಮೂರು ಪಟ್ಟು ಕೀಳುವವರೆಲ್ಲ ಬಣ್ಣ ಮಾರುತ್ತಿದ್ದಾರೆ.

ಪುತ್ತೂರು ತೋಟದಮನೆ:
ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಸಾರ್. ನಮ್ಮದು ಊರಕೋಳಿ, ಅಡಿಕೆ ತೋಟದಲ್ಲೇ ಮೇಯುತ್ತವೆ. ಮಳೆಗಾಲದಲ್ಲಿ ಹುಲ್ಲು, ಸೊಪ್ಪು ಯಥೇಚ್ಛ, ಹಳದಿ ಕೇಸರಿ. ಮಾರ್ಚಿನಲ್ಲಿ ಎಲ್ಲ ಒಣಗುತ್ತದೆ, ಹಳದಿಯೂ ಇಳಿಯುತ್ತದೆ. ಅದೇ ಕೋಳಿ, ಅದೇ ತೋಟ. ಮುಂಗುಸಿಗೆ ಹೆದರಿ ಬಲೆ ಹಾಕಿಸಿದ್ದಕ್ಕೇ 14,500 ಆಯಿತು, ಕಂಬಕ್ಕೆ 6,000 ಬೇರೆ. ಆಮೇಲೂ ಕಾಡುಬೆಕ್ಕು ಮಾಡಿನಿಂದ ಇಳಿದು ಮೊಟ್ಟೆ ಇಡುತ್ತಿದ್ದ ಹೇಂಟೆಗಳನ್ನೇ ಒಯ್ದಿತು. ಇಷ್ಟು ಕಷ್ಟಪಟ್ಟವರಿಗೆ ನೀವು ಬಣ್ಣ ಮಾರುವವರು ಅನ್ನುತ್ತೀರಾ?

ಫೀಡ್ ಮಿಲ್ ಮಾಜಿ:
ನಿಮ್ಮ ಬಲೆಯ ಖರ್ಚು ಮೊಟ್ಟೆಯ ಗುಣ ಅಲ್ಲ ಅಮ್ಮ.

ಪುತ್ತೂರು ತೋಟದಮನೆ:
ನಿಮ್ಮ ಬೀಸಣಿಗೆಯೂ ಅಲ್ಲ.

ರಾಜಾಜಿನಗರದ ಗೃಹಿಣಿ:
ಕೊಳ್ಳುವವರ ಗೋಳು ಯಾರು ಕೇಳುತ್ತಾರೆ? 18 ರೂಪಾಯಿ ಕೊಟ್ಟು "ಅಪ್ಪಟ ನಾಟಿ" ತಂದೆ. ಬೇಯಿಸಿದ ನೀರೆಲ್ಲ ಕಂದು. ಬಿಳಿ ಮೊಟ್ಟೆಗೆ ಟೀ ಡಿಕಾಕ್ಷನ್ ಬಳಿದಿದ್ದರು! ಬಿಡಿಸಿದರೆ ಹಳದಿ ಸುತ್ತ ಹಸಿರು ಉಂಗುರ. ಅದೂ ಕೆಮಿಕಲ್ಲೇ ತಾನೇ?

ಫೀಡ್ ಮಿಲ್ ಮಾಜಿ:
ಡಿಕಾಕ್ಷನ್ ಮೋಸ, ಒಪ್ಪಿದೆ. ಉಂಗುರ ನಿಮ್ಮ ಒಲೆಯದ್ದು. ಜಾಸ್ತಿ ಹೊತ್ತು ಬೇಯಿಸಿದರೆ ಹಳದಿಯ ಕಬ್ಬಿಣಕ್ಕೆ ಬಿಳಿಯ ಗಂಧಕ ಸೇರಿ ಹಾಗಾಗುತ್ತದೆ. ಬೇಗ ಇಳಿಸಿ ತಣ್ಣೀರಿಗೆ ಹಾಕಿ.

ರಾಜಾಜಿನಗರದ ಗೃಹಿಣಿ:
ನನಗೆ ಅಡುಗೆ ಕಲಿಸಲು ಬರಬೇಡಿ.

ಹಾವೇರಿ ಸೀಮೆಯವ:
ಬಿಳಿಚಿದ್ದಕ್ಕೇ ಇಷ್ಟು ಗಲಾಟೆಯಾ? ನಮ್ಮ ತತ್ತಿ ಖಾಕಿ ಬಣ್ಣಕ್ಕೆ ತಿರುಗಿತ್ತು! ಪಕ್ಕದ ಮನೆಯವರು ಹತ್ತಿಕಾಳು ಹಿಂಡಿ ಅಗ್ಗ, ಎಮ್ಮೆಗೆ ಹಾಕೋದೇ ಕೋಳಿಗೂ ಹಾಕು ಅಂದರು. ಇಟ್ಟ ದಿನ ತತ್ತಿ ಚೆನ್ನಾಗಿಯೇ ಇರುತ್ತಿತ್ತು. ಇಟ್ಟು ಇಟ್ಟು ಹಳೆಯದಾದಂತೆ ಹಳದಿ ಕಂದು-ಹಸಿರು. ಹತ್ತಿಕಾಳಿನ ಗಾಸಿಪಾಲ್ ಅನ್ನೋದು ಹಳದಿಯ ಕಬ್ಬಿಣದ ಜೊತೆ ಸೇರಿದರೆ ಹೀಗೇ ಅಂತ ಪಶುವೈದ್ಯರು ಹೇಳಿದರು. ಅಷ್ಟರಲ್ಲಿ ಮದುವೆ ಮನೆಗೆ ಕೊಟ್ಟಿದ್ದ 600 ತತ್ತಿ ವಾಪಸ್. ಒಂದಕ್ಕೆ 9ರಂತೆ 5,400, ಟ್ರೇ ಬಾಡಿಗೆ 400. ಪಕ್ಕದ ಮನೆಯವರು ಈಗಲೂ ಹಿಂಡಿ ಒಳ್ಳೆಯದೇ ಅನ್ನುತ್ತಾರೆ.

ದಾವಣಗೆರೆ ಜೋಳದವ:
ಅದಕ್ಕೇ ಹೇಳಿದ್ದು, ಜೋಳ.

ಮಂಡ್ಯದ ಅಕ್ಕ:
ಜೋಳ ಜೋಳ ಅಂತ ಕುಣಿಯಬೇಡಿ. ನಾನೂ ಜೋಳವನ್ನೇ ಹಾಕುತ್ತಿದ್ದೆ. ಆದರೂ ಕೆಲವು ಮೊಟ್ಟೆ ತಿಳಿ, ಕೆಲವು ಗಾಢ. ಹಿಕ್ಕೆ ಪರೀಕ್ಷೆ ಮಾಡಿಸಿದೆ, ಹೊಟ್ಟೆ ತುಂಬಾ ಜಂತುಹುಳ. ಕರುಳು ಕೆಟ್ಟರೆ ಬಣ್ಣ ಒಳಗೇ ಹೋಗುವುದಿಲ್ಲ. ಔಷಧಿಗೆ 260 ರೂಪಾಯಿ, ಅಷ್ಟೇ. ತುಮಕೂರಿನವರೇ, ನಿಮ್ಮದು ಎಲ್ಲ ಮೊಟ್ಟೆಯೂ ಒಂದೇ ಸಮ ಬಿಳಿಚಿದೆಯಾ?

ತುಮಕೂರು ಕೋಳಿಮನೆ:
ಹೌದಕ್ಕ, ಎಲ್ಲವೂ ಒಂದೇ ಥರ. ಮೊಟ್ಟೆ ಇಡುವುದು ಕಮ್ಮಿಯಾಗಿಲ್ಲ.

ಮಂಡ್ಯದ ಅಕ್ಕ:
ಹಾಗಾದರೆ ಆಹಾರದ್ದೇ ಇರಬೇಕು. ನುಚ್ಚಕ್ಕಿಯಲ್ಲಿ ಬಣ್ಣ ಎಲ್ಲಿಂದ ಬರಬೇಕು? ನುಗ್ಗೆ ಸೊಪ್ಪು, ಅಜೋಲಾ (ನೀರಿನ ಮೇಲೆ ತೇಲುತ್ತಾ ಬೆಳೆಯುವ ಹಸಿರು ಮೇವು) ಹಾಕಿ. ತಟ್ಟೆಗೆ ಒಡೆದಾಗ ಬಿಳಿ ಗಟ್ಟಿಯಾಗಿ ನಿಂತು ಹಳದಿ ಉಬ್ಬಿದ್ದರೆ ಮೊಟ್ಟೆ ತಾಜಾ. ಆ ಫೋಟೋ ಹಾಕಿ ಗಿರಾಕಿಗೆ ತೋರಿಸಿ.

ಫೀಡ್ ಮಿಲ್ ಮಾಜಿ:
ಫೋಟೋಗೂ ಮೊದಲು ಸ್ವರ್ಣಧಾರಾವನ್ನು ನಾಟಿ ಅಂತ ಮಾರುವುದು ನಿಲ್ಲಿಸಲಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಅಭಿವೃದ್ಧಿಪಡಿಸಿದ ತಳಿ ಅದು. ಗಿರಿರಾಜವೂ ಅಷ್ಟೇ.

ದಾವಣಗೆರೆ ಜೋಳದವ:
ನಾನು ಎಲ್ಲಿ ನಾಟಿ ಅಂದೆ? ಸುಮ್ನೆ ನನ್ನನ್ನು ಎಳೆಯಬೇಡಿ.

ತುಮಕೂರು ಕೋಳಿಮನೆ:
ನಾನೂ ನಾಟಿ ಅಂದಿಲ್ಲ ಸಾರ್, ಗಿರಾಕಿಗಳೇ ಹಾಗೆ ಕರೆಯುತ್ತಾರೆ. ಇಲ್ಲಿ ಮಾರುಕಟ್ಟೆಯಲ್ಲಿ ಮಿಕ್ಕಿದ ಚೆಂಡು ಹೂ ಸುಮ್ನೆ ಸಿಗುತ್ತದೆ. ಒಣಗಿಸಿ ಹಾಕಬಹುದಾ?

ಪುತ್ತೂರು ತೋಟದಮನೆ:
ಬೇಡವೇ ಬೇಡ. ಮಾರುಕಟ್ಟೆ ಹೂವಿಗೆ ಔಷಧಿ ಹೊಡೆದಿರುತ್ತಾರೆ, ಅದನ್ನು ತಿನ್ನುವವರು ಯಾರು? ನಾಲ್ಕು ಗಿಡ ನೀವೇ ಹಾಕಿಕೊಳ್ಳಿ.

ಹಾವೇರಿ ಸೀಮೆಯವ:
ನಮ್ಮ ಕಡೆ ಕಂಪನಿಗೆ ಅಂತ ಎಕರೆಗಟ್ಟಲೆ ಚೆಂಡು ಹೂ ಬೆಳೆಯುತ್ತಾರೆ, ಅದಕ್ಕೂ ಹೊಡೆಯುತ್ತಾರೆ ಔಷಧಿ. ಅದೇ ಅಲ್ವಾ ಮಿಲ್ಲಿನವರ ಸತ್ವ?

ಫೀಡ್ ಮಿಲ್ ಮಾಜಿ:
ಹತ್ತಿ ಹಿಂಡಿ ಹಾಕಿದವರು ನನಗೆ ಪಾಠ ಹೇಳುವುದು ಬೇಡ.