ಆಟಿಸಂ ಇರುವ ಮಗುವನ್ನು ಕೇಳಿ ನಿರ್ಧರಿಸುವುದು ಹೇಗೆ? ವಾಕ್ ಚಿಕಿತ್ಸಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆಯಿಂದ ಒಬ್ಬ ತಾಯಿ):

ನಮಸ್ಕಾರ ಮೇಡಂ. ನನ್ನ ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ. ಹತ್ತಿಪ್ಪತ್ತು ಪದಗಳನ್ನು ಆಡುತ್ತಾನೆ. ಉಳಿದಂತೆ ನಾವು ಹೇಳಿದ್ದನ್ನೇ ತಿರುಗಿ ಹೇಳುತ್ತಾನೆ. ವಾರಕ್ಕೆ ಮೂರು ದಿನ ಥೆರಪಿಗೆ ಕರೆದೊಯ್ಯುತ್ತೇವೆ. ಒಂದು ತಿಂಗಳಿಂದ ಸೆಂಟರ್ ಬಾಗಿಲಲ್ಲಿ ಚಪ್ಪಲಿ ಬಿಡಲು ಒಪ್ಪದೆ, ಎರಡೂ ಪಾದಗಳನ್ನು ಕೈಯಿಂದ ಒತ್ತಿ ಹಿಡಿದು ಮೆಟ್ಟಿಲ ಮೇಲೆ ಕುಳಿತುಬಿಡುತ್ತಾನೆ. ಈಗ ಅವರು ವಾರಕ್ಕೆ ಐದು ದಿನ ಮಾಡೋಣ ಎನ್ನುತ್ತಿದ್ದಾರೆ. ಅವನನ್ನೂ ಒಂದು ಮಾತು ಕೇಳಬೇಕೆಂದು ನನಗೆ ಅನ್ನಿಸುತ್ತದೆ. ‘ಮಾತೇ ಬಾರದವನನ್ನು ಏನೆಂದು ಕೇಳುತ್ತೀಯೆ’ ಎನ್ನುತ್ತಾರೆ ನಮ್ಮ ಯಜಮಾನರು. ಕೇಳುವುದಾದರೆ ಹೇಗೆ ಕೇಳಲಿ?

ಉತ್ತರ:

ಚಪ್ಪಲಿ ಬಿಡಲು ಒಪ್ಪದ ಆ ಗಳಿಗೆಯಲ್ಲೇ ನಿಮ್ಮ ಮಗ ತನ್ನ ಅಭಿಪ್ರಾಯವನ್ನು ಹೇಳಿಯಾಗಿದೆ. ‘ಬೇಡ’ ಎಂಬುದು ಸ್ಪಷ್ಟವಾಗಿದೆ. ಏನು ಬೇಡ ಎಂಬುದು ಮಾತ್ರ ನಮಗೆ ತಿಳಿದಿಲ್ಲ. ಅದು ತಿಳಿಯುವವರೆಗೆ ಐದು ದಿನದ ಮಾತನ್ನು ತಡೆದಿಡಿ ಎಂದೇ ನಾನು ಹೇಳುತ್ತೇನೆ.

ನಾವು ಕನ್ನಡದಲ್ಲಿ ಸಹಜವಾಗಿ ‘ಬೇಕಾ, ಬೇಡ್ವಾ?’ ಎಂದು ಕೇಳುತ್ತೇವೆ. ಕೇಳಿದ್ದನ್ನೇ ತಿರುಗಿ ಹೇಳುವ ಮಗು ಕೊನೆಯ ಪದವನ್ನು ಹಿಡಿದು ‘ಬೇಡ್ವಾ’ ಎನ್ನುತ್ತದೆ. ನಾವು ಅದನ್ನೇ ಉತ್ತರವೆಂದು ತಿಳಿದು ತಟ್ಟೆಯನ್ನು ಎತ್ತಿಕೊಂಡು ಹೋಗುತ್ತೇವೆ. ಹೀಗೆ ಎಷ್ಟು ಮಕ್ಕಳ ಮನಸ್ಸನ್ನು ತಪ್ಪಾಗಿ ಓದಿಕೊಂಡಿದ್ದೇವೋ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ. ಆದುದರಿಂದ ಎರಡು ವಸ್ತುಗಳನ್ನೋ ಫೋಟೋಗಳನ್ನೋ ಮುಂದಿಟ್ಟು, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತ ಸುಮ್ಮನಿರಿ. ಮುಂದಿನ ಬಾರಿ ಎಡಬಲಗಳನ್ನು ಅದಲುಬದಲು ಮಾಡಿ. ಜಾಗ ಬದಲಾದರೂ ಅವನು ಅದನ್ನೇ ಮುಟ್ಟಿದರೆ ಅದನ್ನು ಆಯ್ಕೆಯೆಂದು ನಂಬಬಹುದು.

ಥೆರಪಿಯ ವಿಷಯಕ್ಕೆ ಬಂದರೆ, ಸೆಂಟರ್‌ನವರ ಅನುಮತಿ ಪಡೆದು, ಬೇರೆ ಮಕ್ಕಳು ಕಾಣದಂತೆ, ಅಲ್ಲಿನ ಒಂದೊಂದನ್ನೂ ಮೊಬೈಲಿನಲ್ಲಿ ಬಿಡಿಬಿಡಿಯಾಗಿ ಫೋಟೋ ತೆಗೆಯಿರಿ: ಉಯ್ಯಾಲೆ, ಮೇಜು, ಟೀಚರ್, ಕಾಯುವ ಬೆಂಚು, ನೀವು ಹೊರಗೆ ಹೋಗುವ ಬಾಗಿಲು, ಬರುವ ಆಟೋ. ಮನೆಯಲ್ಲಿ ಮೂರು ತಟ್ಟೆಗಳನ್ನಿಟ್ಟು, ಒಂದಕ್ಕೆ ಸರಿ ಗುರುತು, ಒಂದಕ್ಕೆ ತಪ್ಪು ಗುರುತು ಅಂಟಿಸಿ, ಯಾವ ಕಡೆಗೂ ಹೇಳಲಾಗದ್ದಕ್ಕಾಗಿ ನಡುವಿನದನ್ನು ಖಾಲಿ ಬಿಡಿ. (ನಗುವ ಮುಖ, ಅಳುವ ಮುಖದ ಚಿತ್ರಗಳು ಅನೇಕ ಮಕ್ಕಳಿಗೆ ಅರ್ಥವಾಗುವುದಿಲ್ಲ.) ಮೊದಲು ನಿಮಗೆ ಉತ್ತರ ಗೊತ್ತಿರುವ ಚಿತ್ರಗಳನ್ನೇ ಕೊಡಿ. ದೋಸೆ ಒಂದು ಕಡೆಗೂ ಹಾಗಲಕಾಯಿ ಪಲ್ಯ ಇನ್ನೊಂದು ಕಡೆಗೂ ಸರಿಯಾಗಿ ಹೋದರೆ ಅವನಿಗೆ ತಟ್ಟೆಗಳ ಅರ್ಥ ತಿಳಿದಿದೆ. ಅನಂತರವೇ ಸೆಂಟರ್‌ನ ಫೋಟೋಗಳನ್ನು ಒಂದೊಂದಾಗಿ ಕೊಡಿ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಟಾಕಿಂಗ್ ಮ್ಯಾಟ್ಸ್’ ಎಂಬ ವಿಧಾನವೂ ಹೆಚ್ಚುಕಡಿಮೆ ಇದೇ ಬಗೆಯದು.

ನನ್ನ ಬಳಿ ಬರುತ್ತಿದ್ದ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಗುಂಪಿನ ತರಗತಿಯ ಫೋಟೋವನ್ನು ಪ್ರತಿ ಸಲವೂ ತಪ್ಪು ಗುರುತಿನ ತಟ್ಟೆಗೆ ಹಾಕುತ್ತಿದ್ದಳು. ಅವಳಿಗೆ ಮಕ್ಕಳೊಡನೆ ಸೇರಲು ಇಷ್ಟವಿಲ್ಲವೆಂದು ನಾನೇ ಬರೆದಿಟ್ಟಿದ್ದೆ. ಅದೇ ಕೋಣೆಯ ವಸ್ತುಗಳನ್ನು ಬಿಡಿಯಾಗಿ ತೋರಿಸಿದಾಗ ಚಾಪೆ, ಗೆಳತಿ, ಟೀಚರ್ ಎಲ್ಲವೂ ಸರಿ ಗುರುತಿನ ತಟ್ಟೆಗೆ ಹೋದವು. ಸಮಯ ಮುಗಿದಾಗ ಹೊಡೆದುಕೊಳ್ಳುವ ಬಜರ್‌ನ ಚಿತ್ರವನ್ನು ಮಾತ್ರ ತಪ್ಪು ಗುರುತಿನ ತಟ್ಟೆಗೆ ಹಾಕಿ, ಅದರ ಮೇಲೆ ಅಂಗೈ ಒತ್ತಿ ಹಿಡಿದಳು. ಬಜರ್ ತೆಗೆದು ಮರಳು ಗಡಿಯಾರವನ್ನು ಇಟ್ಟೆವು.

ಇದು ನಮ್ಮ ಔದಾರ್ಯವಲ್ಲ, ಮಗುವಿನ ಹಕ್ಕು ಎಂಬುದನ್ನು ಯಜಮಾನರಿಗೂ ತಿಳಿಸಿ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. ಅದರ 12ನೆಯ ವಿಧಿ ಮಗುವಿನ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆನ್ನುತ್ತದೆ. ನಮ್ಮ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 4ನೆಯ ಪ್ರಕರಣವಂತೂ, ಅಂಗವಿಕಲ ಮಕ್ಕಳು ತಮಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಮುಕ್ತವಾಗಿ ಅಭಿಪ್ರಾಯ ಹೇಳುವ ಹಕ್ಕನ್ನೂ, ಅದಕ್ಕೆ ವಯಸ್ಸಿಗೂ ವೈಕಲ್ಯಕ್ಕೂ ತಕ್ಕ ನೆರವನ್ನೂ ಸರ್ಕಾರ ಖಚಿತಪಡಿಸಬೇಕೆಂದು ನೇರವಾಗಿ ಹೇಳಿದೆ. ಆಟಿಸಂ ಆ ಕಾಯ್ದೆಯ ಪಟ್ಟಿಯಲ್ಲಿದೆ.

ಪ್ರಶ್ನೆ (ಹುಬ್ಬಳ್ಳಿಯಿಂದ ಒಬ್ಬ ತಂದೆ):

ನನ್ನ ಮಗನಿಗೆ ಹದಿನಾಲ್ಕು, ಚೆನ್ನಾಗಿ ಮಾತನಾಡುತ್ತಾನೆ. ಶಾಲೆಯ ಮೀಟಿಂಗ್‌ಗೆ ಅವನನ್ನು ಕೂರಿಸಬಹುದೇ? ಈಚೆಗೆ ಮಾತ್ರೆಯೂ ಬೇಡ ಎನ್ನುತ್ತಿದ್ದಾನೆ. ಅದನ್ನೂ ಅವನ ನಿರ್ಧಾರಕ್ಕೆ ಬಿಡಬೇಕೆ?

ಉತ್ತರ:

ಮೀಟಿಂಗ್‌ಗೆ ಖಂಡಿತ ಕೂರಿಸಿ. ಆದರೆ ಏಕಾಏಕಿ ಅಲ್ಲ. ಯಾರು ಯಾರು ಇರುತ್ತಾರೆ, ಯಾವ ವಿಷಯ ಬರುತ್ತದೆ, ಎಷ್ಟು ಹೊತ್ತು ಎಂಬುದನ್ನು ಹಿಂದಿನ ದಿನವೇ ಬರೆದು ಅವನ ಕೈಗೆ ಕೊಡಿ. ‘ಶಾಲೆ ಹೇಗನಿಸುತ್ತದೆ?’ ಎಂಬ ಪ್ರಶ್ನೆಗೆ ‘ಚೆನ್ನಾಗಿದೆ’ ಎಂಬುದರಾಚೆ ಉತ್ತರ ಸಿಗುವುದು ಕಷ್ಟ. ‘ಗಣಿತದ ಪೀರಿಯಡ್‌ನಲ್ಲಿ ಯಾವ ಬೆಂಚಿನಲ್ಲಿ ಕೂರಬೇಕು?’ ಎಂದು ಕೇಳಿದರೆ ಸಿಗುತ್ತದೆ. ಅವನಿಗೆ ಎದುರು ಕೂರುವುದು ಕಷ್ಟವಾದರೆ ಒಂದು ಪುಟ ಬರೆದು ಕಳುಹಿಸಲಿ.

ಮಾತ್ರೆಯ ವಿಷಯದಲ್ಲಿ ಎಚ್ಚರ ಬೇಕು. ಮೂರ್ಛೆರೋಗದ ಮಾತ್ರೆಯಾಗಿದ್ದರೆ ಒಂದು ಹೊತ್ತೂ ತಪ್ಪಿಸುವಂತಿಲ್ಲ. ‘ಇದು ನೀನು ಆರಿಸುವ ವಿಷಯವಲ್ಲ’ ಎಂದು ಕಾರಣಸಹಿತ ಹೇಳಿ, ನೀರಿನೊಂದಿಗೋ ಮೊಸರನ್ನದ ಜೊತೆಗೋ, ಮಾತ್ರೆಯೋ ಸಿರಪ್ಪೋ ಎಂಬಂಥವನ್ನು ವೈದ್ಯರು ಒಪ್ಪಿದರೆ ಅವನಿಗೆ ಬಿಡಿ. ಸಿಟ್ಟು, ಕಿರಿಕಿರಿಗೆಂದು ಕೊಡುವ ರಿಸ್ಪೆರಿಡೋನ್‌ನಂಥ ಮಾತ್ರೆಯಾಗಿದ್ದರೆ, ಏಕೆ ಬೇಡವೆಂದು ಮೊದಲು ಕೇಳಿ. ಅದರಿಂದ ಹಸಿವು, ತೂಕ, ತೂಕಡಿಕೆ ಹೆಚ್ಚಬಹುದು. ‘ತರಗತಿಯಲ್ಲಿ ನಿದ್ದೆ ಬರುತ್ತದೆ’ ಎಂದು ಅವನು ಹೇಳಿದರೆ ಅದನ್ನು ಹಟವೆನ್ನದೆ ವೈದ್ಯರ ಮುಂದೆ ಅವನ ಬಾಯಿಂದಲೇ ಹೇಳಿಸಿ. ನೀವಾಗಿ ನಿಲ್ಲಿಸಬೇಡಿ. ಇನ್ನು ನಾಲ್ಕು ವರ್ಷದಲ್ಲಿ ಅವನು ವಯಸ್ಕನಾಗುತ್ತಾನೆ. ಆಗ ಅವನ ಪರವಾಗಿ ನಿರ್ಧರಿಸಲು ಕಾನೂನುಬದ್ಧ ಪೋಷಕರನ್ನು (ಗಾರ್ಡಿಯನ್) ನೇಮಿಸುವ ಅಗತ್ಯ ಬಿದ್ದರೂ, 2016ರ ಕಾಯ್ದೆಯ ಸೀಮಿತ ಪೋಷಕತ್ವದಲ್ಲಿ ಪೋಷಕರು ಅವನೊಡನೆ ಸಮಾಲೋಚಿಸಿಯೇ ನಿರ್ಧರಿಸಬೇಕಾಗುತ್ತದೆ.

ಪ್ರಶ್ನೆ (ಒಬ್ಬ ಅಜ್ಜಿ):

ಒಮ್ಮೆ ಹೇಳಿದ್ದಕ್ಕೆಲ್ಲ ಹೂಂ ಎಂದರೆ ತಲೆಯ ಮೇಲೆ ಕೂರುವುದಿಲ್ಲವೇ?

ಉತ್ತರ:

ಅಜ್ಜಿ, ಎಲ್ಲವನ್ನೂ ಕೇಳಬೇಕಿಲ್ಲ. ನಾವು ಒಪ್ಪಲು ಸಿದ್ಧವಿರುವುದನ್ನಷ್ಟೇ ಕೇಳೋಣ; ಕೇಳಿದ ಮೇಲೆ ಅದರಂತೆ ನಡೆಯೋಣ. ಕೇಳಿ, ಉತ್ತರ ಪಡೆದು, ಬೇರೆಯದನ್ನೇ ಮಾಡಿದರೆ ಮಗು ಮುಂದೆ ಉತ್ತರಿಸುವುದನ್ನೇ ಬಿಟ್ಟುಬಿಡುತ್ತದೆ.

ಮೊದಲ ತಾಯಿ, ಆರು ದಿನಗಳ ಬಳಿಕ:

ಮೇಡಂ, ಉಯ್ಯಾಲೆ ಮತ್ತು ಟೀಚರ್ ಸರಿ ಗುರುತಿಗೆ ಹೋದವು. ನಾನು ಹೊರಗೆ ಹೋಗುವ ಬಾಗಿಲಿನ ಫೋಟೋವನ್ನು ತಪ್ಪು ಗುರುತಿನ ತಟ್ಟೆಗೆ ಹಾಕಿದ. ಮರುದಿನ ತಟ್ಟೆಗಳ ಜಾಗ ಬದಲಿಸಿದೆ, ಆಗಲೂ ಅಲ್ಲಿಗೇ. ಯಜಮಾನರೂ ಪಕ್ಕದಲ್ಲೇ ಕುಳಿತು ನೋಡಿದರು.

ಉತ್ತರ:

ಆ ಫೋಟೋವನ್ನು ಸೆಂಟರ್‌ನವರಿಗೆ ತೋರಿಸಿ, ಮೊದಲ ಹತ್ತು ನಿಮಿಷ ನೀವು ಒಳಗೇ ಕೂರಲು ಅವಕಾಶ ಕೇಳಿ. ಒಪ್ಪಿದರೆ, ನೀವು ಒಳಗೆ ಕುಳಿತಿರುವ ಹೊಸ ಫೋಟೋವೊಂದನ್ನು ತೆಗೆದು, ಹೊರಡುವ ಮುನ್ನ ಮನೆಯಲ್ಲೇ ಅವನಿಗೆ ತೋರಿಸಿ.