ಸಹಾಯ ಬೇಕು: ಮೋನ್ ಹುಡುಗನಿಗೆ ಗಣಿತ ಹೇಳಿಕೊಡುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕಾಕಿನಲ್ಲಿದ್ದೇನೆ. ಪಕ್ಕದ ಮಹಾಚಾಯ್‌ನಲ್ಲಿ ಸಿಗಡಿ ಸುಲಿಯುವ ಹುಡುಗನೊಬ್ಬ ಪರಿಚಯ. ಬರ್ಮಾದ ಮೋನ್ ಜನಾಂಗದವನು, ಊರು ಮೌಲಮೈನ್ ಹತ್ತಿರ. ಮನೆಮಾತು ಬರ್ಮೀಸ್ ಅಲ್ಲ, ಮೋನ್. ಅವರ ಅಕ್ಷರವೂ ನಮ್ಮದರ ಹಾಗೇ ಗುಂಡಗುಂಡಗೆ. ಎರಡಕ್ಕೂ ಮೂಲ ಬ್ರಾಹ್ಮಿಯೇ ಅಲ್ವಾ.

2021ರಲ್ಲಿ ಸೇನೆ ಅಧಿಕಾರ ಹಿಡಿದಾಗ ಓದು ನಿಂತಿತು. 2024ರಲ್ಲಿ 18ರಿಂದ 35 ವಯಸ್ಸಿನ ಗಂಡಸರಿಗೆ ಕಡ್ಡಾಯ ಸೇನಾಸೇವೆ ಬಂದಾಗ ಅಮ್ಮನೇ ಗಡಿ ದಾಟಿಸಿ ಕಳಿಸಿದರು.

ಈಗ ಜಿಇಡಿ ಪರೀಕ್ಷೆಗೆ ಕೂರುತ್ತಾನೆ. ಶಾಲೆ ಮುಗಿಸದವರಿಗೆ ಇರುವ, ಹನ್ನೆರಡನೇ ತರಗತಿಗೆ ಸಮನಾದ ಅಮೆರಿಕದ ಪರೀಕ್ಷೆ ಅದು. ನಾಲ್ಕು ವಿಷಯ, ಒಂದೊಂದರಲ್ಲೂ ಕನಿಷ್ಠ 145 ಅಂಕ ಬೇಕು. ಪಾಸಾದರೆ ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬಹುದು, ಜಾಸ್ತಿ ಅಂಕ ಕೇಳುವವೂ ಇವೆ. ಇಂಗ್ಲಿಷ್ ಹೇಗೋ ನಿಭಾಯಿಸುತ್ತಾನೆ. ಬೀಜಗಣಿತ ಬಂತೋ, ಪೆನ್ನು ಕಚ್ಚುತ್ತಾ ಕೂತುಬಿಡುತ್ತಾನೆ. ದಿನವಿಡೀ ಐಸ್ ನೀರಲ್ಲಿ ನೆನೆದು ಬೆರಳೆಲ್ಲ ಸುಕ್ಕು. ಹಾಳೆ ಒದ್ದೆಯಾಗದಿರಲಿ ಅಂತ ಪುಸ್ತಕಕ್ಕೆ ಪ್ಲಾಸ್ಟಿಕ್ ಕವರು.

ಭಾನುವಾರ ರಾತ್ರಿ ಒಂದು ಗಂಟೆ ಜೂಮ್‌ನಲ್ಲಿ ಯಾರಾದರೂ ಗಣಿತ ಹೇಳಿಕೊಡುತ್ತೀರಾ? ಇಲ್ಲಿನ ಸಮಯ ನಮ್ಮೂರಿಗಿಂತ ಒಂದೂವರೆ ಗಂಟೆ ಮುಂದೆ. ಹಳೆಯ ಜಿಇಡಿ ಪುಸ್ತಕವಿದ್ದರೂ ಆದೀತು, ಗೀಚಿದ್ದರೂ ಪರವಾಗಿಲ್ಲ. ಕಾರ್ಮಿಕರ ಕಾರ್ಡಿನಿಂದ ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಂಡವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಏಜೆಂಟರು ಸುಮ್ನೆ ದುಡ್ಡು ಕೇಳುತ್ತಾರೆ, ಅವರ ಸಹವಾಸ ಬೇಡ. ದೇಣಿಗೆಯೂ ಬೇಡ. ಇನ್‌ಬಾಕ್ಸ್ ಮಾಡಿ.