ಎಐ ಸಂದರ್ಶನದಲ್ಲಿ ರಿಜೆಕ್ಟ್ ಆದೆ. ನನ್ನ ಉತ್ತರವನ್ನು ಯಾರಾದರೂ ಕೇಳಿರುತ್ತಾರಾ?

ತೀರ್ಥಹಳ್ಳಿ ಬಿಕಾಂ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ರೈತರ ಪಟ್ಟಿ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಕಳೆದ ವಾರ ಬೆಂಗಳೂರಿನ ಒಂದು ಕಂಪನಿಗೆ ಅಕೌಂಟ್ಸ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಸಂದರ್ಶನದ ಲಿಂಕ್ ಬಂತು. ತೆರೆದರೆ ಆ ಕಡೆ ಯಾರೂ ಇಲ್ಲ. ಸ್ಕ್ರೀನ್ ಮೇಲೆ ಪ್ರಶ್ನೆ ಬರುತ್ತದೆ. ಯೋಚಿಸೋಕೆ 30 ಸೆಕೆಂಡು, ಉತ್ತರಕ್ಕೆ 90 ಸೆಕೆಂಡು.

ಮೂರನೇ ಪ್ರಶ್ನೆ: ಕೆಲಸದಲ್ಲಿ ನೀವು ಕಂಡುಹಿಡಿದ ಒಂದು ತಪ್ಪಿನ ಬಗ್ಗೆ ಹೇಳಿ. ನನಗೆ ಖುಷಿಯಾಯಿತು. ಹೋದ ವರ್ಷ ಒಬ್ಬ ರೈತರ ನಾಲ್ಕು ಚೀಲ 'ಸರಕು' ಅಡಿಕೆಯನ್ನು (ಹೆಚ್ಚು ಬೆಲೆಯ ದರ್ಜೆ) 'ರಾಶಿ' (ಕಡಿಮೆ ಬೆಲೆಯ ದರ್ಜೆ) ಅಂತ ಬರೆದು ಪಟ್ಟಿ ಮಾಡಿಬಿಟ್ಟಿದ್ದರು. ದರ ತುಂಬ ಕಡಿಮೆ ಬಿದ್ದಿತ್ತು. ಟೆಂಡರ್ ಚೀಟಿ (ಖರೀದಿದಾರರು ಕೂಗಿದ ದರ ಬರೆದ ಚೀಟಿ) ಜೊತೆ ತಾಳೆ ನೋಡುವಾಗ ನನಗೆ ಸಿಕ್ಕಿತು. ಸಾಹುಕಾರರಿಗೆ ತೋರಿಸಿ, ರೈತರಿಗೆ ಬಾಕಿ ಹಣ ಕೊಡಿಸಿದೆ. ಇದನ್ನೇ ಇಂಗ್ಲಿಷ್‌ನಲ್ಲಿ ಹೇಳೋಕೆ ಶುರು ಮಾಡಿದೆ.

ನಮ್ಮದು ಶೀಟ್ ಮನೆ. ಹೊರಗೆ ಜೋರು ಮಳೆ. ನಾನು ಹೇಳಿದ್ದು ಕೆಳಗೆ ಅಕ್ಷರವಾಗಿ ಬರುತ್ತಿತ್ತು. 'ಅರಿಕನಟ್ ಮಂಡಿ' ಅಂದರೆ 'ಎರಿಕಾ ನಾಟ್ ಮಂಡೇ' ಅಂತ ಬಂತು. ಅದನ್ನು ನೋಡಿ ನನ್ನ ಬಾಯಿ ಕಟ್ಟಿಹೋಯಿತು. ಇನ್ನೊಂದು ಸಲ ಹೇಳಿದೆ, ಮತ್ತೆ ಅದೇ. ಅಷ್ಟರಲ್ಲಿ ಟೈಮ್ ಮುಗಿಯಿತು. ಮರುದಿನ ಬೆಳಿಗ್ಗೆ ಆರೂಕಾಲಿಗೆ ಮೇಲ್ ಬಂತು, ಆಯ್ಕೆ ಆಗಿಲ್ಲ ಅಂತ. ಆ ಹೊತ್ತಿಗೆ ಯಾರು ಆಫೀಸಿನಲ್ಲಿ ಕೂತು ನನ್ನ ಉತ್ತರ ಕೇಳಿರುತ್ತಾರೆ? ಮತ್ತೆ ನೋಡಿ ಅಂತ ಕೇಳಬಹುದಾ? ಹಾಗೆ ಕೇಳಿದರೆ ಮುಂದೆ ಆ ಕಂಪನಿಯಲ್ಲಿ ಹೆಸರು ಕೆಡುತ್ತದಾ?

ಹಳೇ ಎಚ್‌ಆರ್, ಬೆಂಗಳೂರು:
ಕೇಳು ತಂಗಿ, ಖಂಡಿತ ಕೇಳು. ಏಳು ವರ್ಷ ನೇಮಕಾತಿ ಕೆಲಸ ಮಾಡಿದವಳು ನಾನು. ಇಂಥ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ಮೊದಲು ಮಾತನ್ನು ಅಕ್ಷರ ಮಾಡುತ್ತವೆ. ಆಮೇಲೆ ಆ ಅಕ್ಷರವನ್ನು ಕೆಲಸಕ್ಕೆ ಬೇಕಾದ ಗುಣಗಳ ಜೊತೆ ಹೋಲಿಸಿ ಅಂಕ ಕೊಡುತ್ತವೆ. ಮೊದಲ ಹೆಜ್ಜೆಯಲ್ಲೇ ಮಂಡಿ ಹೋಗಿ ಮಂಡೇ ಆದರೆ ಮುಂದಿನದೆಲ್ಲ ಹಾಳು. ನಾನಿದ್ದ ಕಡೆ ಒಂದು ಹುದ್ದೆಗೆ ಎಂಟುನೂರು ಅರ್ಜಿ ಬಂದರೆ ಮೇಲಿನ ನಲವತ್ತು ವಿಡಿಯೋ ಮಾತ್ರ ತೆರೆಯುತ್ತಿದ್ದೆವು. ಉಳಿದವರ ಮುಖವನ್ನೂ ನೋಡಿಲ್ಲ. ಅದು ಈಗಲೂ ನನ್ನನ್ನು ಕಾಡುತ್ತದೆ.

ತಪ್ಪು ನಿನ್ನ ಉಚ್ಚಾರಣೆಯದ್ದು ಅಂತ ಮಾತ್ರ ಅಂದುಕೊಳ್ಳಬೇಡ. 2020ರಲ್ಲಿ ಅಮೆರಿಕದ ಸಂಶೋಧಕರು ಐದು ದೊಡ್ಡ ಕಂಪನಿಗಳ, ಮಾತನ್ನು ಅಕ್ಷರ ಮಾಡುವ ತಂತ್ರಾಂಶ ಪರೀಕ್ಷೆ ಮಾಡಿದರು. ಬಿಳಿಯರ ಮಾತಿನಲ್ಲಿ ಸರಾಸರಿ ನೂರಕ್ಕೆ 19 ಪದ ತಪ್ಪಾದರೆ, ಕಪ್ಪು ಜನರ ಮಾತಿನಲ್ಲಿ 35 ತಪ್ಪು. ಹುಟ್ಟಿದಾಗಿನಿಂದ ಇಂಗ್ಲಿಷೇ ಆಡುವವರ ಕಥೆ ಇದು.

ಮೇಲ್ ಚಿಕ್ಕದಾಗಿರಲಿ. ಅರ್ಜಿ ಸಂಖ್ಯೆ, ಸಂದರ್ಶನದ ದಿನ, ಮೂರನೇ ಪ್ರಶ್ನೆಯಲ್ಲಿ ಅಕ್ಷರ ತಪ್ಪಾಗಿ ಬಂದದ್ದು. ಸರಕು ಅಡಿಕೆಯ ಆ ಕಥೆಯನ್ನು ನಾಲ್ಕು ಸಾಲಿನಲ್ಲಿ ಅಲ್ಲೇ ಬರೆದುಬಿಡು. ರೆಕಾರ್ಡಿಂಗ್ ಅನ್ನು ಒಬ್ಬರು ಕೇಳಬೇಕು ಅಂತ ವಿನಂತಿ ಮಾಡು. ಸಾರಿ ಅಂತೆಲ್ಲ ಬರೆಯಬೇಡ.

ಕೋಡಿಂಗ್ ಮಾಡುವವ:
ನನ್ನ ಅನುಭವ ಬೇರೆ. ನಾನು ಓದಿದ ಕಾಲೇಜಿನ ಹೆಸರು ಕೇಳಿಯೇ ಮೂರು ಕಡೆ ಮನುಷ್ಯರೇ ವಾಪಸ್ ಕಳಿಸಿದ್ದರು. ಕೊನೆಗೆ ಕೆಲಸ ಸಿಕ್ಕಿದ್ದು ಆನ್‌ಲೈನ್ ಕೋಡಿಂಗ್ ಪರೀಕ್ಷೆಯಿಂದ. ಅದು ಕಾಲೇಜು ಕೇಳಲಿಲ್ಲ. ಹಾಗಾಗಿ ಮೆಷಿನ್ ಬೇಡವೇ ಬೇಡ ಅನ್ನೋಕೆ ನನಗೆ ಮನಸ್ಸು ಬರಲ್ಲ. ಆದರೆ ಕೋಡ್ ಓಡುತ್ತದೋ ಇಲ್ಲವೋ ನೋಡೋದು ಬೇರೆ, ಒಬ್ಬರ ಮಾತಿಗೆ ಅಂಕ ಹಾಕೋದು ಬೇರೆ ಅಲ್ವಾ? ನೀವು ಬರೆದದ್ದು ಓದಿ ಬೇಜಾರಾಯಿತು.

ಪ್ಲೇಸ್‌ಮೆಂಟ್ ಮೇಷ್ಟ್ರು:
ಕೋಡಿಂಗ್ ಸರ್, ಮನುಷ್ಯರ ಹಳೇ ತಾರತಮ್ಯವನ್ನೇ ಮೆಷಿನ್ ಕಲಿತರೆ ಏನು ಮಾಡೋದು? ಅಮೆಜಾನ್‌ನಲ್ಲಿ ಆದದ್ದು ಅದೇ. 2014ರಿಂದ ರೆಸ್ಯೂಮ್‌ಗೆ ಅಂಕ ಕೊಡುವ ತಂತ್ರಾಂಶ ಕಟ್ಟಿದರು. ಅದು ಕಲಿತದ್ದು ಹತ್ತು ವರ್ಷದ ಅರ್ಜಿಗಳಿಂದ. ಅವುಗಳಲ್ಲಿ ಗಂಡಸರದ್ದೇ ಜಾಸ್ತಿ. ಮಹಿಳಾ ಚೆಸ್ ಕ್ಲಬ್ ಅನ್ನುವಂಥ ಮಾತು ಕಂಡರೆ ಅಂಕ ಇಳಿಸುತ್ತಿತ್ತು. ಕೊನೆಗೆ ಅದನ್ನು ಕೈಬಿಟ್ಟರು. 2018ರಲ್ಲಿ ರಾಯಿಟರ್ಸ್ ಈ ಸುದ್ದಿ ಹೊರತಂದಿತು. ನನ್ನ ವಿದ್ಯಾರ್ಥಿನಿಯರ ರೆಸ್ಯೂಮ್ ತಿದ್ದುವಾಗೆಲ್ಲ ಇದು ನೆನಪಾಗುತ್ತದೆ.

ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈಯಿಂದ ಇಂಥ ತಂತ್ರಾಂಶಕ್ಕೆ ಹೊರಗಿನವರಿಂದ ತಾರತಮ್ಯದ ತಪಾಸಣೆ ಮಾಡಿಸಬೇಕು, ಅಭ್ಯರ್ಥಿಗೂ ಮೊದಲೇ ತಿಳಿಸಬೇಕು. ನಮ್ಮಲ್ಲೂ ಅಷ್ಟಾದರೂ ಬೇಕು. ಬರೀ ಎಐ ಸಂದರ್ಶನ ಇಟ್ಟುಕೊಂಡು ನಮ್ಮ ಕಾಲೇಜಿಗೆ ಬರುವ ಕಂಪನಿಗಳಿಗೆ ನಾನು ಈಗ ಒಂದೇ ಮಾತು ಹೇಳುತ್ತೇನೆ. ಬೇಡ ಅನ್ನುವ ಮೊದಲು ಒಬ್ಬರು ಕೇಳಿಸಿಕೊಳ್ಳಿ. ಇಬ್ಬರು ಒಪ್ಪಿದ್ದಾರೆ.

ತೀರ್ಥಹಳ್ಳಿ ಬಿಕಾಂ:
ಅಕ್ಕ ಹೇಳಿದ ಹಾಗೆ ಸೋಮವಾರ ಮೇಲ್ ಹಾಕಿದೆ. ಇವತ್ತು ಅಲ್ಲಿಂದ ಒಬ್ಬರು ಫೋನ್ ಮಾಡಿದ್ದರು. ರೆಕಾರ್ಡಿಂಗ್ ಕೇಳಿದರಂತೆ. ಮಳೆ ಸದ್ದಿನಲ್ಲಿ ಅವರಿಗೂ ಅರ್ಧ ತಿಳಿಯಲಿಲ್ಲವಂತೆ, ಆದರೆ ನಾಲ್ಕು ಸಾಲು ಓದಿ, 'ಟೆಂಡರ್ ಚೀಟಿ ಅಂದರೇನು?' ಅಂತ ಕೇಳಿದರು. ಹತ್ತು ನಿಮಿಷ ಹೇಳಿದೆ, ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಶುಕ್ರವಾರ ಅವರ ಮ್ಯಾನೇಜರ್ ಮಾತಾಡುತ್ತಾರಂತೆ. ಅವತ್ತು ಅತ್ತೆ ಮನೆಗೆ ಹೋಗಿ ಕೂರುತ್ತೇನೆ. ಅವರದು ಆರ್‌ಸಿಸಿ ಮನೆ. ಮಂಡಿಯ ಲೆಕ್ಕದ ಬಗ್ಗೆ ಏನೇನು ಕೇಳಬಹುದು, ಯಾರಿಗಾದರೂ ಗೊತ್ತಿದ್ದರೆ ಹೇಳಿ.